ಪೆಟ್‌ವೇ ಹೆಸರಿನ ನಲವತ್ತೊಂದು ತಪ್ಪು

ಕುರ್ಚಿಯದೊಂದು ಆಗದೇ ಇದ್ದಿದ್ದರೆ ಊರು ಲಮಾಂಟ್ ಪೆಟ್‌ವೇಯನ್ನು ಹೇಗೋ ಸಹಿಸಿಕೊಳ್ಳುತ್ತಿತ್ತು ಎಂದು ಮಾರ್ಲೀನ್ ಡುಡಾಗೆ ಅನಿಸುತ್ತಿತ್ತು. ಅವನು ಬಾಸ್ಕೆಟ್‌ಬಾಲ್ ಅಭ್ಯಾಸಕ್ಕೆ ತಡವಾಗಿ ಬರುತ್ತಿದ್ದ. ಕೋಚ್ ಮಾತಾಡುವಾಗ ಬೆನ್ನು ತಿರುಗಿಸಿ ನೀರು ಕುಡಿಯುತ್ತಿದ್ದ. ಸೋತ ದಿನ ರೇಡಿಯೋದವರ ಮುಂದೆ, ಐದು ಜನ ಆಡಬೇಕಾದದ್ದನ್ನು ಒಬ್ಬನೇ ಆಡಿ ಬೇಸತ್ತಿದೆ ಎಂದಿದ್ದ. ಪಂದ್ಯಕ್ಕೆ ಮೂವತ್ತು ಪಾಯಿಂಟ್ ಹಾಕುವವನೆಂದು ಪಿಟ್ಸ್‌ಬರ್ಗ್‌ನವರು ಇಷ್ಟನ್ನೂ ಹೊಟ್ಟೆಗೆ ಹಾಕಿಕೊಂಡಿದ್ದರು. ಆದರೆ ಜನವರಿಯಲ್ಲಿ ದೊಡ್ಡ ಹಿಮ ಬಿದ್ದ ಮರುದಿನ ಅವನು ಸೌತ್ ಸೈಡ್ ಬಡಾವಣೆಯ ಒಂದು ಏರುಬೀದಿಗೆ ಕ್ಷೌರಕ್ಕೆಂದು ಹೋದ. ಅಲ್ಲಿ ಯಾರೋ ಎರಡು ಗಂಟೆ ಸಲಿಕೆ ಹಿಡಿದು ಹಿಮ ತೆಗೆದು, ಕಾರು ನಿಲ್ಲಿಸುವ ಆ ಜಾಗ ತಮ್ಮದೆಂದು ತೋರಿಸಲು ಅಡುಗೆಮನೆಯ ಕುರ್ಚಿಯೊಂದನ್ನು ಇಟ್ಟು ಕೆಲಸಕ್ಕೆ ಹೋಗಿದ್ದರು. ಪೆಟ್‌ವೇ ಆ ಕುರ್ಚಿಯನ್ನೆತ್ತಿ ಹಿಮದ ಗುಡ್ಡೆಯ ಮೇಲಿಟ್ಟು ತನ್ನ ಕಾರು ನಿಲ್ಲಿಸಿದ. ಎದುರು ಮನೆಯವರು ಕಿಟಕಿಯಿಂದ ಫೋಟೋ ತೆಗೆದರು. ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಮುಂದಿನ ಪಂದ್ಯದ ದಿನ ಕ್ರೀಡಾಂಗಣದ ಬಾಗಿಲಲ್ಲಿ ಜನ ಮನೆಯಿಂದ ತಂದ ಹಳೇ ಕುರ್ಚಿಗಳನ್ನು ಸಾಲಾಗಿ ಇಟ್ಟು ಒಳಗೆ ಹೋದರು.

“ಮೂವತ್ತಲ್ಲ, ಮುನ್ನೂರು ಪಾಯಿಂಟ್ ಹಾಕ್ಲಿ ಅವ್ನು,” ಎಂದಿದ್ದಳು ಅಕ್ಕ ಬರ್ನಿ. “ಬೇರೆಯವರ ಕುರ್ಚಿ ಮುಟ್ಟೋನು ನಮಗೆ ಬೇಡ.”

“ಅವನು ಅಲಬಾಮಾದವನು ಕಣೇ. ಅಲ್ಲಿ ಹಿಮಾನೇ ಬೀಳಲ್ಲ.”

“ಕುರ್ಚಿ ಇರುತ್ತಲ್ವಾ ಅಲ್ಲಿ?”

ಅಮ್ಮ ತೀರಿಕೊಂಡ ಮೇಲೆ ಅಕ್ಕತಂಗಿಯರಿಬ್ಬರೂ ಅದೇ ಮನೆಯಲ್ಲಿ ಇದ್ದರು. ಮಾರ್ಲೀನ್‌ಗೆ ಐವತ್ತೊಂದು. ದಂತವೈದ್ಯರೊಬ್ಬರ ಕಚೇರಿಯಲ್ಲಿ ಹದಿನೇಳು ವರ್ಷ ಫೈಲು ಜೋಡಿಸಿ, ಸಂಜೆ ಕಾಲೇಜಿನಲ್ಲಿ ಅಂಕಿಅಂಶ ಶಾಸ್ತ್ರ ಕಲಿತು, ಆರು ವರ್ಷದ ಹಿಂದೆ ಪೆಟ್‌ವೇ ಆಡುವ ರಿವರ್‌ಮೆನ್ ತಂಡದ ವಿಡಿಯೋ ಕೋಣೆಗೆ ಸೇರಿಕೊಂಡಿದ್ದಳು. ತಂಡ ಆಡಿದ ಪ್ರತಿ ಪಂದ್ಯ ನೋಡಿ, ಎದುರಾಳಿ ಸುಲಭವಾಗಿ ಹಾಕಿದ ಪ್ರತಿ ಬುಟ್ಟಿಯ ತುಣುಕನ್ನು ಕತ್ತರಿಸಿ, ಅದು ಯಾರ ತಪ್ಪೆಂದು ಬರೆಯುವುದು ಅವಳ ಕೆಲಸ. ಬರೆದದ್ದನ್ನು ಮೂರು ಸಲ ನೋಡುತ್ತಿದ್ದಳು. ಮನೆಗೆ ಬಂದ ಮೇಲೂ ನಾಲ್ಕನೆಯ ಸಲ ನೋಡಬೇಕಿತ್ತೇನೋ ಎಂದು ಒದ್ದಾಡುತ್ತಿದ್ದಳು.

ಈ ಸಲ ಅವಳ ಪಟ್ಟಿಗೆ ಎಂದೂ ಇಲ್ಲದ ಬೆಲೆ ಬಂದಿತ್ತು. ಆಟಗಾರರನ್ನು ಬೇರೆ ತಂಡಕ್ಕೆ ಕೊಟ್ಟು ತರಲು ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಗಡುವು. ಫ್ಲಾರಿಡಾದ ಟ್ಯಾಂಪಾ ತಂಡದವರು ಪೆಟ್‌ವೇಯನ್ನು ಕೇಳಿದ್ದರು. ಬದಲಿಗೆ ಇಬ್ಬರು ಎಳೆಯ ಆಟಗಾರರು, ಜೊತೆಗೆ ಎರಡು ವರ್ಷ ಹೊಸಬರನ್ನು ಮೊದಲು ಆರಿಸಿಕೊಳ್ಳುವ ತಮ್ಮ ಸರದಿಯನ್ನೂ ಕೊಡುತ್ತೇವೆ ಎಂದಿದ್ದರು. ಕೊಡುವುದೋ ಬಿಡುವುದೋ ಎಂದು ಗುರುವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ಬೆನ್ನು ತಿರುಗಿಸುವುದು, ತಡವಾಗಿ ಬರುವುದು, ಕುರ್ಚಿ, ಇವೆಲ್ಲ ಬಾಯಿಮಾತಿನ ದೂರುಗಳು. ಕಾಗದದ ಮೇಲೆ ನಿಲ್ಲುವ ದೂರು ಒಂದೇ, ಮಾರ್ಲೀನ್ ಬರೆದದ್ದು: ಈ ಸೀಸನ್ನಿನ ನೂರಾ ಹನ್ನೆರಡು ತಪ್ಪುಗಳಲ್ಲಿ ನಲವತ್ತೊಂದು ಪೆಟ್‌ವೇಯದು. ಎಲ್ಲರಿಗಿಂತ ಕಡಿಮೆ, ಅಂದರೆ ಆರು, ಕ್ಯಾಪ್ಟನ್ ಕಿಪ್ ಸಡೋವ್ಸ್ಕಿಯದು.

ಬುಧವಾರ ನಾಲ್ಕು ಗಂಟೆಯ ಹೊತ್ತಿಗೆ ಅವಳು ಆ ಪಟ್ಟಿಯನ್ನು ಮೂರನೆಯ ಸಲ ನೋಡುತ್ತಿದ್ದಾಗ ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ಪೆಟ್‌ವೇ ತಲೆ ಬಗ್ಗಿಸಿ ಒಳಗೆ ಬಂದ. ಕೈಯಲ್ಲಿ ಕೋಳಿ ತುಂಡುಗಳ ಡಬ್ಬಿ.

“ಟೇಪಮ್ಮ, ಚಾರ್ಜರ್ ಇದ್ಯಾ ಇಲ್ಲಿ?”

ಎರಡು ವರ್ಷದಿಂದ ಅವನು ಅವಳನ್ನು ಹಾಗೇ ಕರೆಯುತ್ತಿದ್ದ. ಹೆಸರು ಗೊತ್ತಿತ್ತೋ ಇಲ್ಲವೋ. ಅವಳು ಪರದೆಯನ್ನು ಮುಚ್ಚಲು ಹೋಗಿ, ಗಡಿಬಿಡಿಯಲ್ಲಿ ಅದನ್ನು ಇನ್ನೂ ದೊಡ್ಡದು ಮಾಡಿಬಿಟ್ಟಳು.

“ಇದೇನು, ನನ್ನ ಪಾಪದ ಪಟ್ಟಿನಾ?”

“ನಾಳೆ ಮೀಟಿಂಗಿಗೆ.”

“ನನ್ನ ಸಾಗಹಾಕೋ ಮೀಟಿಂಗಿಗೆ.”

“ಅದೆಲ್ಲ ನನಗೆ ಗೊತ್ತಿಲ್ಲ.”

“ಕ್ಯಾಂಟೀನಲ್ಲಿ ಸೂಪ್ ಬಡಿಸೋನಿಗೆ ಗೊತ್ತು, ನಿನಗೆ ಗೊತ್ತಿಲ್ಲ.” ಅವನು ಮೂಳೆಯೊಂದನ್ನು ಡಬ್ಬಿಗೆ ಹಾಕಿ ಬೆರಳು ಒರೆಸಿಕೊಂಡ. “ಹಾಕು, ಒಂದು ನೋಡೋಣ.”

ಆಟಗಾರ ಕೇಳಿದರೆ ತೋರಿಸಬಾರದು ಎಂಬ ನಿಯಮವೇನೂ ಇರಲಿಲ್ಲ. ಅವಳು ಹದಿನೇಳನೆಯ ತುಣುಕನ್ನು ಹಾಕಿದಳು. ಬುಟ್ಟಿಯ ಕೆಳಗೆ ಪೆಟ್‌ವೇ. ದೂರದ ಮೂಲೆಯಲ್ಲಿ, ಅವನು ಕಾಯಬೇಕಿದ್ದ ಎದುರಾಳಿ ಒಬ್ಬನೇ. ಚೆಂಡು ಮೂಲೆಗೆ ಹೋಯಿತು, ಅಲ್ಲಿಂದ ಬುಟ್ಟಿಗೆ ಬಿತ್ತು. ಪೆಟ್‌ವೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಅಷ್ಟಕ್ಕೆ ತುಣುಕು ಮುಗಿಯಿತು.

“ಇದು ನನ್ನ ತಪ್ಪಾ?”

“ಹಾಕಿದೋನು ನೀವು ಕಾಯ್ಬೇಕಿದ್ದೋನಲ್ವಾ?”

“ಹೌದು. ನಾನು ಅಲ್ಲಿ ಯಾಕಿದ್ದೆ?”

ಅವಳ ಪಟ್ಟಿಯಲ್ಲಿ ಯಾಕೆ ಎಂಬುದಕ್ಕೆ ಜಾಗವಿರಲಿಲ್ಲ.

“ಶುರುವಿಂದ ಹಾಕು.”

“ಶುರು ಇಲ್ಲಿಂದಾನೇ. ಬುಟ್ಟಿಗೆ ಬೀಳೋಕೆ ನಾಲ್ಕು ಸೆಕೆಂಡ್ ಮುಂಚೆಯಿಂದ ಕತ್ತರಿಸ್ತೀವಿ.”

“ಯಾರು ಹೇಳಿದ್ದು ನಾಲ್ಕು ಅಂತ?”

ಅವಳಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ಮುದುಕ ಹೇಳಿದ್ದು. ಕಂಪ್ಯೂಟರಿನಲ್ಲಿ ಜಾಗ ಕಡಿಮೆಯಿದ್ದ ಕಾಲದ ಲೆಕ್ಕ ಅದು. ಅವನು ನಿವೃತ್ತನಾಗಿ ಈರಿ ಸರೋವರದಲ್ಲಿ ಮೀನು ಹಿಡಿಯುತ್ತಿದ್ದ. ಮಾರ್ಲೀನ್ ಆರು ವರ್ಷದಿಂದ ಒಂದು ತುಣುಕೂ ತಪ್ಪದಂತೆ, ಶ್ರದ್ಧೆಯಿಂದ, ನಾಲ್ಕು ಸೆಕೆಂಡಿಗೆ ಕತ್ತರಿಸಿದ್ದಳು. ಯಾಕೆ ನಾಲ್ಕು ಎಂದು ಕೇಳಿರಲಿಲ್ಲ.

ಪೆಟ್‌ವೇ ಉತ್ತರಕ್ಕೆ ಕಾಯಲಿಲ್ಲ. ಮೇಜಿನ ಮೇಲಿದ್ದ ಅವಳ ಚಾರ್ಜರ್ ಎತ್ತಿಕೊಂಡು, “ನಾಳೆ ಕೊಡ್ತೀನಿ,” ಎಂದು ಹೋದ. ಡಬ್ಬಿ ಅಲ್ಲೇ ಉಳಿಯಿತು.

ಅವಳು ಡಬ್ಬಿಯನ್ನು ಕಸಕ್ಕೆ ಹಾಕಿ, ಮೇಜು ಒರೆಸಿ, ಆ ಪಂದ್ಯದ ಪೂರ್ತಿ ವಿಡಿಯೋ ತೆಗೆದಳು. ಹದಿನೇಳನೆಯ ತುಣುಕಿಗಿಂತ ಐದು ಸೆಕೆಂಡು ಹಿಂದಕ್ಕೆ ಹೋದಳು. ಅಲ್ಲಿ ಕಿಪ್ ತನ್ನ ಎದುರಾಳಿಯನ್ನು ಕಾಯುತ್ತಿದ್ದ. ಎದುರಾಳಿ ಎಡಕ್ಕೆ ವಾಲಿದಂತೆ ಮಾಡಿ ಬಲಕ್ಕೆ ನುಗ್ಗಿದ. ಕಿಪ್‌ನ ಎಡಮಂಡಿ ಅವನನ್ನು ಮುಂದಕ್ಕೆ ತಳ್ಳಲಿಲ್ಲ. ಅರ್ಧ ಹೆಜ್ಜೆ ಹಿಂದೆ ಬಿದ್ದ. ನುಗ್ಗಿದವನನ್ನು ತಡೆಯಲು ಪೆಟ್‌ವೇ ತನ್ನವನನ್ನು ಬಿಟ್ಟು ಬುಟ್ಟಿಯ ಕೆಳಗೆ ಓಡಿದ. ಚೆಂಡು, ಅವನು ಬಿಟ್ಟು ಬಂದ ಮೂಲೆಗೆ ಹೋಯಿತು.

ಒಂದು ಸಲ ಹೀಗಾಗಿರಬಹುದು ಎಂದುಕೊಂಡು ಅವಳು ಹದಿನೆಂಟನೆಯದನ್ನು ತೆಗೆದಳು. ಆಮೇಲೆ ಹತ್ತೊಂಬತ್ತು. ಏಳು ಗಂಟೆಗೆ ಇಪ್ಪತ್ತು ತುಣುಕು ಮುಗಿದಿತ್ತು. ಹದಿಮೂರರಲ್ಲಿ ಅದೇ ಕಥೆ.

ಮನೆಯಲ್ಲಿ ಬರ್ನಿ ಬೆಣ್ಣೆಯಲ್ಲಿ ಈರುಳ್ಳಿ ಹುರಿದು ಪಿಯರೋಗಿ ಎಂಬ ಕಡುಬು ಮಾಡಿದ್ದಳು. ಟಿವಿಯಲ್ಲಿ ಪೆಟ್‌ವೇಯನ್ನು ಕಳಿಸಬೇಕೇ ಎಂದು ನಾಲ್ವರು ಕೂತು ಕೂಗಾಡುತ್ತಿದ್ದರು.

“ನಾಳೆ ಹೋಗ್ತಾನಂತಾ?”

“ಹೇಳೋ ಹಾಗಿಲ್ಲ ಬರ್ನಿ.”

“ಹೋಗ್ಲಿ. ಕಿಪ್ ಇದ್ದಾನಲ್ಲ, ಸಾಕು.”

ಮಾರ್ಲೀನ್ ತಟ್ಟೆ ನೋಡುತ್ತ ಕೂತಳು. ಕಿಪ್ ಇದೇ ಊರಿನವನು, ಇದೇ ಚರ್ಚಿನವನು. ಹೋದ ವರ್ಷ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಬಂದು ಒಂದು ತಾಸು ಕೂತು, ಅಮ್ಮ ಬೇಡವೆಂದ ಜೆಲ್ಲಿಯನ್ನು ತಾನೇ ತಿಂದು ಹೋಗಿದ್ದ. ಅಮ್ಮ ಹೋದಾಗ ಶವಪೆಟ್ಟಿಗೆ ಹೊರಲು ಆರು ಜನ ಬೇಕಿತ್ತು, ನೆಂಟರಲ್ಲಿ ಐವರು ಗಂಡಸರು ಸಿಕ್ಕರು. ಆರನೆಯವನಾಗಿ ಹೆಗಲು ಕೊಟ್ಟವನು ಕಿಪ್. ಉಳಿದವರಿಗಿಂತ ಒಂದು ಅಡಿ ಎತ್ತರವಿದ್ದುದರಿಂದ ಪೆಟ್ಟಿಗೆ ವಾಲಬಾರದೆಂದು ಚರ್ಚಿನ ಮೆಟ್ಟಿಲಿನಿಂದ ಗಾಡಿಯವರೆಗೂ ಮಂಡಿ ಬಗ್ಗಿಸಿಕೊಂಡೇ ನಡೆದಿದ್ದ.

“ತಣ್ಣಗಾಗ್ತಿದೆ, ತಿನ್ನು,” ಎಂದಳು ಬರ್ನಿ.

ಬೆಳಿಗ್ಗೆ ಆರೂವರೆಗೆ ಅವಳು ಮತ್ತೆ ಕೆಲಸಕ್ಕೆ ಕೂತಳು. ಉಳಿದ ಇಪ್ಪತ್ತೊಂದನ್ನೂ ನೋಡಿದಳು. ಒಂಬತ್ತು ಗಂಟೆಗೆ ಲೆಕ್ಕ ಹೀಗೆ ನಿಂತಿತು: ನಲವತ್ತೊಂದರಲ್ಲಿ ಇಪ್ಪತ್ತಾರು ಸಲ ಪೆಟ್‌ವೇ ಬೇರೆಯವನ ಸಹಾಯಕ್ಕೆ ಹೋಗಿದ್ದ. ಅದರಲ್ಲಿ ಇಪ್ಪತ್ತೆರಡು ಸಲ ಆ ಬೇರೆಯವನು ಕಿಪ್. ಉಳಿದ ಹದಿನೈದು ಸಲ ಪೆಟ್‌ವೇ ಬರೀ ಸೋಮಾರಿಯಾಗಿ ನಿಂತಿದ್ದ, ಅದರಲ್ಲಿ ಅನುಮಾನವಿರಲಿಲ್ಲ.

ಆದರೂ ತಾನೇ ತಪ್ಪು ತಿಳಿದಿರಬಹುದು ಎಂಬ ಭಯ. ಸಹಾಯಕ್ಕೆ ಹೋಗಲೇಬಾರದೆಂದು ಕೋಚ್ ಹೇಳಿದ್ದರೆ? ಕಾಫಿ ಯಂತ್ರದ ಹತ್ತಿರ ಕೋಚ್ ವಿನ್ಸ್ ಟೆಡೆಸ್ಕೊ ಸಿಕ್ಕ.

“ಕೋಚ್, ಒಂದು ಕೇಳ್ಲಾ? ಕಿಪ್‌ನ್ನ ದಾಟಿಕೊಂಡು ಯಾರಾದ್ರೂ ನುಗ್ಗಿದ್ರೆ, ತಡೆಯೋಕೆ ಯಾರು ಹೋಗ್ಬೇಕು?”

“ಹತ್ತಿರ ಇರೋನು.”

“ಪೆಟ್‌ವೇ ಹತ್ತಿರ ಇದ್ರೆ?”

“ಪೆಟ್‌ವೇನೇ.”

“ಅವನು ಬಿಟ್ಟು ಬಂದ ಜಾಗಕ್ಕೆ?”

“ಇನ್ನೊಬ್ಬ ಬರ್ಬೇಕು. ಬರಲ್ಲ. ಅದೇ ನಮ್ಮ ಹಣೆಬರಹ.” ಅವನು ಲೋಟದಿಂದ ತಲೆಯೆತ್ತಿ ಅವಳನ್ನು ನೋಡಿದ. “ಯಾಕೆ ಕೇಳ್ತಿದೀರಿ?”

“ಸುಮ್ನೆ,” ಎಂದಳು. ಸುಮ್ಮನೆ ಏನನ್ನೂ ಕೇಳುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ಮತ್ತೇನೂ ಕೇಳದೆ ಹೋದ.

ಮ್ಯಾನೇಜರ್ ರಸ್ ಹ್ಯಾನ್‌ರಟಿಯ ಸಭೆಗಳಿಗೆ ಒಂದು ಪದ್ಧತಿ ಇತ್ತು. ದೊಡ್ಡವರು ಮೊದಲು ಮಾತಾಡಿದರೆ ಚಿಕ್ಕವರು ತಲೆಯಾಡಿಸುತ್ತಾರೆ ಎಂದು, ಅವನು ಎಲ್ಲರಿಗಿಂತ ಕೆಳಗಿನ ಹುದ್ದೆಯವರಿಂದ ಶುರು ಮಾಡುತ್ತಿದ್ದ. ಎಂಟು ಜನರ ಆ ಮೇಜಿನಲ್ಲಿ ಕೊನೆಯ ಹುದ್ದೆ ಮಾರ್ಲೀನ್‌ದು. ಎಲ್ಲರ ಮುಂದೆಯೂ ಅವಳ ವರದಿಯ ಪ್ರತಿ ಇತ್ತು. ಮೂರನೆಯ ಪುಟದ ನಲವತ್ತೊಂದಕ್ಕೆ ರಸ್ ಹಳದಿ ಬಣ್ಣ ಬಳಿದಿದ್ದ.

“ಮಾರ್ಲೀನ್, ಹೇಳಿ. ಇಟ್ಕೊಳ್ಳೋದಾ, ಕೊಡೋದಾ?”

ಮಾತಾಡಬೇಕಾದ್ದನ್ನು ಅವಳು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಳು. ಈಗ ಚೀಟಿಯ ಅಕ್ಷರ ಅವಳಿಗೇ ಅರ್ಥವಾಗಲಿಲ್ಲ.

“ಮೊದಲು ಒಂದು ತಪ್ಪೊಪ್ಪಿಗೆ. ನನ್ನ ವರದಿ ಸರಿಯಿಲ್ಲ. ಮೂರನೇ ಪುಟ.”

“ಎಷ್ಟು ಸರಿಯಿಲ್ಲ?”

“ನಲವತ್ತೊಂದು ಅಲ್ಲ. ಹದಿನೈದು.”

ಯಾರೋ ಪೆನ್ನನ್ನು ಮೇಜಿನ ಮೇಲಿಟ್ಟರು. ಅವಳು ನಾಲ್ಕು ಸೆಕೆಂಡಿನ ವಿಷಯ ಹೇಳಿದಳು, ಹೇಳುತ್ತಾ ಹೇಳುತ್ತಾ ಕ್ಷಮಿಸಿ ಎಂದು ಎರಡು ಸಲ ಅಂದಳು. ಹದಿನೇಳನೆಯ ತುಣುಕನ್ನು ಮೊದಲು ಗಿಡ್ಡದಾಗಿ, ಆಮೇಲೆ ಪೂರ್ತಿಯಾಗಿ ತೋರಿಸಿದಳು. ಇನ್ನೊಂದನ್ನೂ ತೋರಿಸಿದಳು.

ರಸ್ ಕನ್ನಡಕ ತೆಗೆದ. “ಹಾಗಿದ್ರೆ ಪೆಟ್‌ವೇನ ಇಟ್ಕೋಬೇಕು ಅಂತೀರಿ.”

“ಅದು ನನಗೆ ಗೊತ್ತಿಲ್ಲ ರಸ್. ಅವರು ಕೋಚ್‌ಗೆ ಬೆನ್ನು ತಿರುಗಿಸ್ತಾರೆ, ಅದು ನಿಜ. ಹದಿನೈದು ಸಲ ಕಂಬದ ಹಾಗೆ ನಿಂತಿದ್ದಾರೆ, ಅದೂ ನಿಜ. ಕಳಿಸೋದಾದ್ರೆ ಅದಕ್ಕೆ ಕಳಿಸಿ. ನನ್ನ ನಲವತ್ತೊಂದನ್ನ ನಂಬಿ ಕಳಿಸ್ಬೇಡಿ.”

ಅಷ್ಟು ಹೇಳಿ ಮುಗಿಸಬಹುದೆಂದು ಅವಳು ಅಂದುಕೊಂಡಿದ್ದಳು. ಚೀಟಿಯಲ್ಲಿ ಇದ್ದದ್ದೂ ಅಷ್ಟೇ.

“ಆ ಇಪ್ಪತ್ತಾರು,” ಎಂದ ರಸ್. “ಅವನು ಯಾರ ಸಹಾಯಕ್ಕೆ ಹೋಗಿದ್ದು?”

ತೋರಿಸಿದ ಎರಡು ತುಣುಕಿನಲ್ಲೂ ಕಿಪ್ ಇದ್ದ. ಎರಡೇ ಆದರೆ ಕಾಕತಾಳೀಯ ಎನ್ನಬಹುದು. ಬೇರೆ ಬೇರೆಯವರು ಎಂದರೂ ಸುಳ್ಳಾಗುತ್ತಿರಲಿಲ್ಲ. ನಾಲ್ಕು ಸಲ ಬೇರೆಯವರೇ ಆಗಿದ್ದರು. ಅವಳು ಕೋಚ್ ಕಡೆ ನೋಡಿದಳು. ಕೋಚ್ ಮೇಜು ನೋಡುತ್ತಿದ್ದ. ಮಂಡಿ ಬಗ್ಗಿಸಿಕೊಂಡು ಪೆಟ್ಟಿಗೆ ಹೊತ್ತವನ ನೆನಪಾಯಿತು. ಇನ್ನು ಮುಂದೆ ಇವರು ಅವಳ ಯಾವ ಲೆಕ್ಕವನ್ನೂ ನಂಬುವುದಿಲ್ಲ ಎಂಬುದೂ ತಲೆಗೆ ಬಂತು. ಅರ್ಧ ಹೇಳಿ ಕೂತರೆ ನಂಬಬೇಕಾಗಿಯೂ ಇಲ್ಲ.

“ಇಪ್ಪತ್ತೆರಡು ಸಲ ಕಿಪ್,” ಎಂದಳು.

ರಸ್ ಕೋಚ್ ಕಡೆ ತಿರುಗಿದ. “ವಿನ್ಸ್?”

“ಎಡಗಡೆ ಮಂಡಿ. ನವೆಂಬರಿಂದ.”

“ಗೊತ್ತಿತ್ತಾ ನಿನಗೆ? ಮತ್ಯಾಕೆ ಹೇಳ್ಲಿಲ್ಲ?”

“ಯಾರಿಗೆ ಹೇಳ್ಲಿ? ಈ ಊರಲ್ಲಾ?”

ಅಲ್ಲಿಗೆ ರಸ್, ಮಾರ್ಲೀನ್‌ಗೆ ಥ್ಯಾಂಕ್ಸ್ ಹೇಳಿ, ಅವಳು ಹೋಗಬಹುದು ಎಂದ. ಅವಳು ತನ್ನ ಕೋಣೆಗೆ ಬಂದು, ಇನ್ನು ಈ ಕೋಣೆ ಎಷ್ಟು ದಿನವೋ ಎಂದುಕೊಂಡು, ಮೇಜಿನ ಡ್ರಾಯರಿನಲ್ಲಿ ತನ್ನ ಸ್ವಂತದ್ದು ಏನೇನಿದೆ ಎಂದು ನೋಡಿದಳು. ಒಂದು ಸ್ವೆಟರ್, ಅಮ್ಮನ ಫೋಟೋ, ಬಿಸ್ಕತ್ತಿನ ಪೊಟ್ಟಣ. ಒಂದೇ ಚೀಲಕ್ಕೆ ಸಾಕು. ಊಟಕ್ಕೆ ಹೋಗಲಿಲ್ಲ.

ಎರಡು ಗಂಟೆ ನಲವತ್ತು ನಿಮಿಷಕ್ಕೆ ಫೋನು ಬಡಿದುಕೊಂಡಿತು. ಬರ್ನಿ.

“ಏನೇ ಮಾಡಿದ್ರಿ ನೀವೆಲ್ಲ ಸೇರ್ಕೊಂಡು?”

“ಏನಾಯ್ತು?”

“ಕಿಪ್‌ನ್ನ ಟ್ಯಾಂಪಾಕ್ಕೆ ಕೊಟ್ರಂತಲ್ಲೇ. ಟಿವಿಲಿ ಬರ್ತಿದೆ. ಆ ಕುರ್ಚಿ ಕಳ್ಳನ್ನ ಇಟ್ಕೊಂಡು ಕಿಪ್‌ನ್ನ ಕೊಟ್ಟಿದ್ದಾರೆ. ಯಾವ ಕತ್ತೆ ಹೇಳಿಕೊಟ್ಟದ್ದು ಇವರಿಗೆ?”

ಮಾರ್ಲೀನ್ ಕುರ್ಚಿಯ ಹಿಡಿ ಹಿಡಿದುಕೊಂಡಳು. ಪೆಟ್‌ವೇ ಉಳಿಯಬಹುದು ಅಥವಾ ಹೋಗಬಹುದು ಎಂದಷ್ಟೇ ಅವಳು ಯೋಚಿಸಿದ್ದಳು. ಮೂರನೆಯದೊಂದು ಇರಬಹುದೆಂದು ಹೊಳೆದಿರಲಿಲ್ಲ. ಟ್ಯಾಂಪಾದವರಿಗೆ ಅನುಭವಿ ಆಟಗಾರ ಬೇಕಿತ್ತು. ದೂರದಿಂದ ಗುರಿಯಿಡಲು ಕಿಪ್‌ಗೆ ಮಂಡಿ ಅಷ್ಟೇನೂ ಬೇಕಿರಲಿಲ್ಲ. ಒಬ್ಬ ಎಳೆಯ ಆಟಗಾರನನ್ನು ಕೊಟ್ಟು ಕರೆದುಕೊಂಡಿದ್ದರು.

“ಕೇಳಿಸ್ತಾ?”

“ಆ ಕತ್ತೆ ನಾನೇ ಬರ್ನಿ,” ಎಂದಳು. “ಮನೆಗೆ ಬಂದು ಹೇಳ್ತೀನಿ.”

ಬರ್ನಿ ಫೋನು ಇಟ್ಟಳು.

ಮೂರೂವರೆಗೆ ಕಿಪ್ ಬಂದ. ಬೂಟುಗಳ ಚೀಲ ಹೆಗಲಲ್ಲಿತ್ತು. ಎಲ್ಲರಿಗೂ ಹೇಳಿ ಹೋಗುತ್ತಿದ್ದ. ಇವಳದು ಕೊನೆಯ ಕೋಣೆ.

“ಮಿಸ್ ಡುಡಾ, ಫ್ಲಾರಿಡಾದಲ್ಲಿ ಹಿಮ ಇಲ್ವಂತೆ. ನನ್ನ ಸಲಿಕೆ ಬೇಕಾ?”

ಅವಳಿಗೆ ನಗು ಬರಲಿಲ್ಲ. “ಕಿಪ್, ಕೂತ್ಕೋ. ಸಭೆಯಲ್ಲಿ ಹೇಳಿದ್ದು ನಾನು. ನಿನ್ನ ಮಂಡಿದು.”

ಅವನು ಕೂರಲಿಲ್ಲ. ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಿದ.

“ಎಷ್ಟು ಸಿಕ್ತು?”

“ಇಪ್ಪತ್ತೆರಡು.”

“ನಾನು ಮೂವತ್ತರ ಹತ್ತಿರ ಅಂದ್ಕೊಂಡಿದ್ದೆ.”

“ನಿನಗೆ ಗೊತ್ತಿತ್ತಾ?”

“ಮಂಡಿ ನಂದೇ ಅಲ್ವಾ.” ಅವನು ಪರದೆಯ ಕಡೆ ನೋಡಿದ. ಅಲ್ಲಿ ಏನೂ ಓಡುತ್ತಿರಲಿಲ್ಲ. “ಪ್ರತಿ ಸಲ ಅವನು ಓಡಿ ಬರೋನು. ಆಮೇಲೆ ಜನ ಅವನಿಗೆ ಬಯ್ಯೋರು. ನನ್ನ ಕಡೆ ಒಂದು ನೋಟ ನೋಡೋನು, ಅಷ್ಟೇ. ಒಂದು ಮಾತು ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಕೆಟ್ಟದ್ದು ಅಂದ್ರೆ ಅದೇ.”

“ನೀನು ಅಮ್ಮನ ಪೆಟ್ಟಿಗೆ ಹೊತ್ತಿದ್ದೆ.”

“ಹೊತ್ತಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಮಾರ್ಲೀನ್.”

ಅವನ ದನಿಯಲ್ಲಿ ಪೂರ್ತಿ ಕ್ಷಮೆ ಇತ್ತು ಎಂದು ಅವಳಿಗೆ ಅನಿಸಲಿಲ್ಲ. ಅವನ ಹೆಂಡತಿಗೆ ಏಪ್ರಿಲ್‌ನಲ್ಲಿ ಹೆರಿಗೆ. ಬಾಗಿಲಲ್ಲಿ ನಿಂತು, ಸಲಿಕೆಯನ್ನು ನಿಜವಾಗಿಯೂ ಬರ್ನಿಗೆ ಕಳಿಸುವುದಾಗಿ ಹೇಳಿ ಹೋದ. ಕಾರಿಡಾರಿನ ಆ ತುದಿ ಮುಟ್ಟುವವರೆಗೂ ಅವಳು ಅವನ ಎಡಗಾಲನ್ನೇ ನೋಡಿದಳು. ಸ್ವಲ್ಪ ಎಳೆಯುತ್ತಿತ್ತು. ನವೆಂಬರಿನಿಂದ ದಿನಾ ಎದುರಿಗೇ ನಡೆದಾಡುತ್ತಿದ್ದರೂ ಕಂಡಿರಲಿಲ್ಲ.

ಅವಳ ಕೆಲಸ ಹೋಗಲಿಲ್ಲ. ಶುಕ್ರವಾರ ಬೆಳಿಗ್ಗೆ ರಸ್ ಒಂದು ಸಾಲಿನ ಪತ್ರ ಕಳಿಸಿದ್ದ: ಹಿಂದಿನ ಎರಡು ಸೀಸನ್ನುಗಳನ್ನೂ ಮತ್ತೆ ನೋಡಿ. ಅದು ಶಿಕ್ಷೆಯೋ ನಂಬಿಕೆಯೋ ಅವಳಿಗೆ ತಿಳಿಯಲಿಲ್ಲ. ಕತ್ತರಿಸುವ ಲೆಕ್ಕವನ್ನು ನಾಲ್ಕರಿಂದ ಹನ್ನೆರಡಕ್ಕೆ ಬದಲಾಯಿಸಿದಳು. ಹನ್ನೆರಡು ಸಾಕೇ ಎಂದು ಯೋಚಿಸಿ ಹದಿನೈದು ಮಾಡಿದಳು. ಹೊರಗೆ, ಕ್ರೀಡಾಂಗಣದ ಬಾಗಿಲಲ್ಲಿ, ಜನ ಮತ್ತೆ ಕುರ್ಚಿ ತಂದಿಡುತ್ತಿದ್ದಾರೆ ಎಂದು ಕಾವಲಿನವನು ಹೇಳಿದ. ಈ ಸಲ ಕುರ್ಚಿಗಳ ಮೇಲೆ ಕಿಪ್‌ನ ಹೆಸರಿನ ಅಂಗಿ ಹೊದಿಸಿದ್ದರಂತೆ. ಬರ್ನಿ ಬೆಳಿಗ್ಗೆ ಕಾಫಿ ಕೊಟ್ಟಿದ್ದಳು, ಮಾತಾಡಿರಲಿಲ್ಲ.

ಮಧ್ಯಾಹ್ನ ಪೆಟ್‌ವೇ ಬಂದ. ಅದೇ ಡಬ್ಬಿ, ಅದೇ ಕೋಳಿ. ಮೇಜಿನ ಮೇಲೆ ಒಂದು ಚಾರ್ಜರ್ ಇಟ್ಟ. ಅದು ಅವಳದಲ್ಲ.

“ಇನ್ನು ನನ್ನ ಪಕ್ಕದೋನು ಟ್ಯಾಂಪಾದಿಂದ ಬಂದ ಆ ಎಳೆ ಹುಡುಗ,” ಎಂದ. “ಅವನಿಗೆ ಓಡೋಕೆ ಬರುತ್ತೆ. ಎಲ್ಲಿಗೆ ಅಂತ ಗೊತ್ತಿಲ್ಲ.”

ಥ್ಯಾಂಕ್ಸ್ ಹೇಳುತ್ತಾನೆಂದು ಅವಳು ಎದುರು ನೋಡಿರಲಿಲ್ಲ. ಅವನು ಹೇಳಲೂ ಇಲ್ಲ. ಕಾಲಿನಿಂದ ಒಂದು ಕುರ್ಚಿ ಎಳೆದುಕೊಂಡು ಕೂತ.

“ಹದಿನೈದು ನಂದು ಅಂದ್ಯಂತೆ ಅವರ ಮುಂದೆ.”

“ಅಂದೆ.”

“ಹಾಕು.”

ಅವಳು ಒಂದೊಂದಾಗಿ ಹಾಕಿದಳು, ಪ್ರತಿಯೊಂದೂ ಹದಿನೈದು ಸೆಕೆಂಡು. ಅವನು ತಿನ್ನುತ್ತಾ ನೋಡಿದ. ಆರನೆಯದಕ್ಕೆ, ಕಾಲು ಹಿಡಿದುಕೊಂಡಿತ್ತು ಎಂದ. ಅವಳು ಹಿಂದಕ್ಕೆ ಓಡಿಸಿ, ಅದಕ್ಕೆ ಮೂರು ಸೆಕೆಂಡು ಮೊದಲು ಅವನು ರೆಫರಿ ಜೊತೆ ಜಗಳವಾಡುತ್ತಾ ನಿಂತಿದ್ದನ್ನು ತೋರಿಸಿದಳು. ಅವನು ಇನ್ನೊಂದು ತುಂಡು ಕೈಗೆತ್ತಿಕೊಂಡ. ಹನ್ನೊಂದನೆಯದಕ್ಕೆ ಕೈ ಎತ್ತಿದ.

“ನಿಲ್ಲಿಸು. ಅಲ್ಲಿ ನೋಡು, ಬಿಳಿ ಅಂಗಿಯೋನು ನನಗೆ ಅಡ್ಡ ನಿಂತಿದ್ದಾನೆ. ತೋಳು ಹಿಡ್ಕೊಂಡಿದ್ದಾನೆ.”

ಅವಳು ಚಿತ್ರವನ್ನು ದೊಡ್ಡದು ಮಾಡಿದಳು. ಹಿಂದಕ್ಕೆ ಹೋದಳು, ಮುಂದಕ್ಕೆ ಬಂದಳು, ಇನ್ನೊಂದು ಕ್ಯಾಮೆರಾದಿಂದಲೂ ನೋಡಿದಳು. ಬಿಳಿ ಅಂಗಿಯವನ ಬೆರಳು ನಿಜಕ್ಕೂ ಅವನ ಮೊಣಕೈ ಮೇಲಿತ್ತು.

“ಹದಿನಾಲ್ಕು,” ಎಂದು ತಿದ್ದಿ ಬರೆದಳು.

“ಹದಿನಾಲ್ಕು,” ಎಂದ ಪೆಟ್‌ವೇ. “ಮುಂದಿನದು ಹಾಕು, ಮಾರ್ಲೀನ್.”